ಗಾಜಿನ ತೊಟ್ಟಿಯ ಲೋಚ್ ಮೀನಿಗೆ ತಕ್ಕ ಜೊತೆ ಯಾವುದು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಬಣ್ಣದ ಮೀನು ಸಾಕುವ ಗಾಜಿನ ತೊಟ್ಟಿ ಈಗ ಅಪರೂಪದ ವಸ್ತುವಲ್ಲ. ಮಕ್ಕಳ ಹಟಕ್ಕೆ ಪೇಟೆಯಿಂದ ತೊಟ್ಟಿ ಬರುತ್ತದೆ. ಅದರೊಡನೆ ಕಣ್ಣಿಗೆ ಚೆಂದ ಕಂಡ ಹತ್ತು ಹನ್ನೆರಡು ಮೀನುಗಳೂ ಬರುತ್ತವೆ. ತಿಂಗಳು ಕಳೆಯುವುದರೊಳಗೆ ಕೆಲವು ಸಾಯುತ್ತವೆ, ಕೆಲವುಗಳ ರೆಕ್ಕೆ ಹರಿದಿರುತ್ತದೆ, ಒಂದೆರಡು ಮಾತ್ರ ಉಳಿದವುಗಳ ಆಹಾರವನ್ನೂ ತಿಂದು ಕೊಬ್ಬಿರುತ್ತವೆ. ಕೊನೆಗೆ ಬೇಸತ್ತ ಮನೆಯವರು ಅವನ್ನು ತೋಡಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇದರಿಂದ ಹಣವೂ ನಷ್ಟ, ಮೀನೂ ನಷ್ಟ. ಎಲ್ಲಕ್ಕಿಂತ ಹೆಚ್ಚಿನ ನಷ್ಟ ತೋಡಿಗೆ. ಮೀನುಗಳನ್ನು ಆರಿಸುವಾಗ ಸ್ವಲ್ಪ ಯೋಚಿಸಿದರೆ ಇದನ್ನು ತಪ್ಪಿಸಬಹುದು. ಲೋಚ್ ಮೀನನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಆಯ್ಕೆಯ ಕ್ರಮವನ್ನು ನೋಡೋಣ.

ಲೋಚ್ ಎಂಬುದು ನೀರಿನ ತಳದಲ್ಲಿ ಬದುಕುವ ಸಣ್ಣ ಮೀನುಗಳ ಗುಂಪಿಗೆ ಇರುವ ಹೆಸರು. ಬಾಯಿಯ ಸುತ್ತ ಪುಟ್ಟ ಮೀಸೆಗಳಿರುತ್ತವೆ. ಮರಳನ್ನು ತಡಕಿ ಹುಳು, ಹುಪ್ಪಟೆ, ಕೊಳೆತ ಪದಾರ್ಥಗಳನ್ನು ಹೆಕ್ಕಿ ತಿನ್ನಲು ಇವು ಸಹಾಯಕ. ಕೆಲವು ಜಾತಿಗಳು ಮೇಲೆ ಬಂದು ಗಾಳಿಯನ್ನು ನುಂಗಿ ಕರುಳಿನ ಮೂಲಕವೂ ಉಸಿರಾಡಬಲ್ಲವು. ನಮ್ಮ ಮರಳು ತಳದ ಹಳ್ಳಗಳಲ್ಲಿ ಕಾಣುವ ಸಾಮಾನ್ಯ ಲೋಚ್ ಅಂದರೆ ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್, ಸುಮಾರು 6 ಸೆಂ.ಮೀ. ಬೆಳೆಯುತ್ತದೆ, ಹೆದರಿದರೆ ಕ್ಷಣಾರ್ಧದಲ್ಲಿ ಮರಳಿನಲ್ಲಿ ಹೂತುಕೊಳ್ಳುತ್ತದೆ. ಘಟ್ಟದ ಮೇಲಿನ ತುಂಗಾ ನದಿಯಲ್ಲಿ ಸಿಕ್ಕಿದ ಪಟ್ಟೆಪಟ್ಟೆಯ ಇನ್ನೊಂದು ಲೋಚನ್ನು ಸಿ. ಆರ್. ನಾರಾಯಣ ರಾವ್ ಅವರು 1920 ರಲ್ಲಿ ಬೋಟಿಯಾ ಸ್ಟ್ರಿಯೇಟಾ ಎಂಬ ಹೆಸರಿನಿಂದ ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಅಂಗಡಿಗಳಲ್ಲಿ ಜೀಬ್ರಾ ಲೋಚ್ ಎಂದು ಮಾರುವುದು ಇದನ್ನೇ. ಹೊಳೆಯಿಂದ ಹಿಡಿದು ದೇಶ ವಿದೇಶಗಳಿಗೆ ಮಾರಿದ್ದೂ ಸೇರಿ ಇದು ಈಗ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಮೀನು. ಆದುದರಿಂದ ಹೊಸದಾಗಿ ಆರಂಭಿಸುವವರಿಗೆ ಸಾಮಾನ್ಯ ಲೋಚೇ ಯೋಗ್ಯ. ಇನ್ನು ಕಿತ್ತಳೆ ಬಣ್ಣದ ಕ್ಲೌನ್ ಲೋಚ್ ಸುಮಾತ್ರಾ, ಬೋರ್ನಿಯೋ ದ್ವೀಪಗಳದು. ಅಂಗಡಿಯಲ್ಲಿ 5 ಸೆಂ.ಮೀ. ಇರುವ ಈ ಮೀನು 30 ಸೆಂ.ಮೀ. ವರೆಗೆ ಬೆಳೆಯಬಲ್ಲದು ಎಂಬುದನ್ನು ಕೊಳ್ಳುವವರು ತಿಳಿದಿರುವುದಿಲ್ಲ. ಮನೆಯ ಸಣ್ಣ ತೊಟ್ಟಿಗೆ ಅದು ಹೇಳಿಸಿದ್ದಲ್ಲ.

ಜೊತೆ ಮೀನಿನ ಆಯ್ಕೆ ಅಡಿಕೆ ಬೆಳೆಗಾರರಿಗೆ ಹೊಸ ಪಾಠವೇನಲ್ಲ. ಅಡಿಕೆ ತೋಟದಲ್ಲಿ ಮರದ ಮೇಲೆ ಕಾಳುಮೆಣಸು ಹಬ್ಬುತ್ತದೆ, ನಡುವಿನ ಅಂತರದಲ್ಲಿ ಬಾಳೆ, ಕೊಕ್ಕೊ ಬೆಳೆಯುತ್ತವೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಇಂತಹ ಬಹುಮಹಡಿ ಬೆಳೆ ಪದ್ಧತಿಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ಒಂದೇ ಮಣ್ಣು, ಒಂದೇ ನೀರು ಎಲ್ಲಕ್ಕೂ ಹಿಡಿಸಬೇಕು. ಆದರೆ ಬೇರು ಮತ್ತು ಎಲೆ ಬೇರೆ ಬೇರೆ ಮಟ್ಟದಲ್ಲಿರಬೇಕು. ಒಂದು ಇನ್ನೊಂದನ್ನು ಅದುಮಬಾರದು. ಮೀನಿನ ತೊಟ್ಟಿಗೂ ಇದೇ ಮೂರು ನಿಯಮ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ನೀರು ಒಂದೇ ಆಗುತ್ತದೆಯೇ? ಮಹಡಿ ಬೇರೆಯೇ? ಸ್ವಭಾವ ಹೊಂದುತ್ತದೆಯೇ?

ಮೊದಲನೆಯದು ನೀರು. ಮುರಕಲ್ಲಿನ ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ನೀರು. ತುಸು ಹುಳಿ ಗುಣದ್ದು. ಲೋಚ್ ಮೀನಿಗೆ ರಸಸಾರ 6.5 ರಿಂದ 7 ರ ಆಸುಪಾಸಿನ, 24 ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಮೆದು ನೀರು ಹಿತ. ಬಾವಿ ನೀರಿನ ರಸಸಾರ 6 ಕ್ಕಿಂತ ಕೆಳಗಿದ್ದರೆ ತೊಟ್ಟಿಯಲ್ಲಿ ಸ್ವಲ್ಪ ಕಪ್ಪೆಚಿಪ್ಪಿನ ಚೂರು ಹಾಕಿ ಸರಿಪಡಿಸಬಹುದು. ಕೊಳವೆ ಬಾವಿಯ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿ ಉಪಯೋಗಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವವರೆಗೆ ಇಡಬೇಕು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಮತ್ತು ಮೋಲಿ ಮೀನಿಗೆ ಬೇಕಾದುದು ಗಡಸು ನೀರು. ಇವನ್ನು ಲೋಚಿನೊಡನೆ ಬಿಟ್ಟರೆ ಇಬ್ಬರಲ್ಲಿ ಒಬ್ಬರು ಸದಾ ಕಷ್ಟದಲ್ಲಿರುತ್ತಾರೆ. ಗೋಲ್ಡ್ ಫಿಷ್ ತಂಪು ನೀರಿನ ಮೀನು. ಹೊಲಸನ್ನೂ ಬಹಳ ಮಾಡುತ್ತದೆ. ಅದೂ ಬೇಡ.

ಎರಡನೆಯದು ಮಹಡಿ. ಲೋಚ್ ತಳದ ನಿವಾಸಿ. ಆದುದರಿಂದ ಜೊತೆಗಾರರು ನಡು ನೀರಿನಲ್ಲಿ ಅಥವಾ ಮೇಲ್ಮೈಯಲ್ಲಿ ಈಜುವವರಾಗಿರಬೇಕು. ಕರಾವಳಿಯ ಹೊಳೆಗಳ ಮೆಲನ್ ಬಾರ್ಬ್ ನಡು ನೀರಿಗೆ ಒಳ್ಳೆಯ ಮೀನು. ಕೆಂಪು ಮೈ, ಕಪ್ಪು ಪಟ್ಟೆ, ಸುಮಾರು 6 ಸೆಂ.ಮೀ. ಉದ್ದ. ಮೇಲ್ಮೈಗೆ ಮಲಬಾರ್ ಡ್ಯಾನಿಯೋ ಆಗುತ್ತದೆ. ಆದರೆ ಅದು ಹಾರುವ ಮೀನಾದ್ದರಿಂದ ತೊಟ್ಟಿಗೆ ಮುಚ್ಚಳ ಕಡ್ಡಾಯ. ತಳದಲ್ಲೇ ಜಾಗಕ್ಕಾಗಿ ಜಗಳವಾಡುವ ಕೆಂಪು ಬಾಲದ ಶಾರ್ಕ್, ಚಿನ್ನದ ಬಣ್ಣದ ಚೀನೀ ಪಾಚಿಭಕ್ಷಕ ಮುಂತಾದವು ಲೋಚಿಗೆ ಒಗ್ಗುವುದಿಲ್ಲ.

ಮೂರನೆಯದು ಸ್ವಭಾವ. ಕೊರವ, ಮುಗುಡು ಮೊದಲಾದ ಬೇಟೆಗಾರ ಮೀನುಗಳು ಲೋಚನ್ನು ನುಂಗುತ್ತವೆ. ಇದನ್ನು ರೈತರಿಗೆ ಹೇಳಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಬೋಟಿಯಾ ಜಾತಿಯ ಲೋಚ್‌ಗಳು ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಏಂಜೆಲ್, ಗಪ್ಪಿ ಮುಂತಾದವುಗಳ ರೆಕ್ಕೆಯನ್ನು ಕಚ್ಚುವುದುಂಟು. ಲೋಚ್ ಒಂಟಿ ಜೀವಿಯಲ್ಲ. ಒಂದನ್ನೇ ಬಿಟ್ಟರೆ ಸದಾ ಅಡಗಿ ಕೂಡುತ್ತದೆ. ಐದಾರು ಒಟ್ಟಿಗಿದ್ದರೆ ಧೈರ್ಯದಿಂದ ಹೊರಗೆ ಬಂದು ಆಡುತ್ತದೆ. ಬಾರ್ಬ್‌ಗಳೂ ಹಾಗೆಯೇ, ಗುಂಪು ಚಿಕ್ಕದಾದರೆ ಇತರರಿಗೆ ಉಪದ್ರವ ಕೊಡುತ್ತವೆ.

ಈಗ ಒಂದು ಲೆಕ್ಕ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಗೆ 40 ಸೆಂ.ಮೀ. ವರೆಗೆ ತುಂಬಿದರೆ 216 ಲೀಟರ್ ಆಗುತ್ತದೆ. ಮರಳು ಕಲ್ಲುಗಳ ಪಾಲು ಕಳೆದರೆ ನೀರು ಸುಮಾರು 200 ಲೀಟರ್. ಪೂರ್ಣ ಬೆಳೆದ ಸಣ್ಣ ಮೀನಿನ ಪ್ರತಿ ಸೆಂಟಿಮೀಟರಿಗೆ 2 ಲೀಟರ್ ನೀರು ಎಂಬ ಸ್ಥೂಲ ಲೆಕ್ಕ ಹಿಡಿದರೆ 100 ಸೆಂ.ಮೀ. ಮೀನಿಗೆ ಅವಕಾಶ. ಆರು ಸಾಮಾನ್ಯ ಲೋಚ್ 36 ಸೆಂ.ಮೀ., ಎಂಟು ಮೆಲನ್ ಬಾರ್ಬ್ 48 ಸೆಂ.ಮೀ., ಒಟ್ಟು 84. ಬಾರ್ಬ್ ಬದಲು ಡ್ಯಾನಿಯೋ ಬೇಕೆಂದರೆ ಅದು 10 ಸೆಂ.ಮೀ. ಮೀರುವುದರಿಂದ ಐದು ಸಾಕು. ಉಳಿದ ಜಾಗವನ್ನು ತುಂಬಬೇಕೆಂಬ ಆಸೆ ಬೇಡ. ತೋಟದಲ್ಲಿ ಅಂತರ ಬಿಡುವಂತೆ ಇಲ್ಲಿಯೂ ಅಂತರ ಬೇಕು.

ತಳಕ್ಕೆ ಚೂಪಾದ ಜಲ್ಲಿ ಹಾಕದೆ ತೊಳೆದ ನುಣುಪು ಮರಳನ್ನು 4-5 ಸೆಂ.ಮೀ. ಹರಡಬೇಕು, ಇಲ್ಲವಾದರೆ ಮೀಸೆ ಸವೆದು ಹುಣ್ಣಾಗುತ್ತದೆ. ಅಡಗಲು ಹೊಳೆಕಲ್ಲು, ತೂತು ಮಾಡಿದ ತೆಂಗಿನ ಗೆರಟೆ, ಒಡೆದ ಮಡಕೆಯ ತುಂಡು ಸಾಕು. ಮೊದಲು ನಾಲ್ಕೈದು ಬಾರ್ಬ್‌ಗಳನ್ನು ಮಾತ್ರ ಬಿಟ್ಟು, ತೊಟ್ಟಿಯಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ನೆಲೆಸಲು ಒಂದು ತಿಂಗಳು ಕಾದು, ಆಮೇಲೆ ಲೋಚ್ ಬಿಡಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಆಹಾರವನ್ನು ದೀಪ ಆರಿಸಿದ ಮೇಲೆ ಕೊಡುವುದು ಉತ್ತಮ. ಮುಳುಗುವ ಗುಳಿಗೆ, ಕೊಚ್ಚಿದ ಎರೆಹುಳು ಆಗುತ್ತದೆ. ಹಗಲು ಕೊಟ್ಟರೆ ಬಾರ್ಬ್‌ಗಳೇ ಮುಗಿಸುತ್ತವೆ. ಕಣ್ಣಿನ ಕೆಳಗೆ ಮುಳ್ಳಿರುವುದರಿಂದ ಲೋಚ್ ಬಲೆಗೆ ಸಿಕ್ಕಿಕೊಳ್ಳುತ್ತದೆ. ಲೋಟದಲ್ಲಿ ಹಿಡಿಯಬೇಕು, ಪ್ಲಾಸ್ಟಿಕ್ ಚೀಲವಾದರೆ ಎರಡು ಪದರವಿರಬೇಕು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಬಿಳಿ ಚುಕ್ಕೆ ರೋಗ ಲೋಚಿಗೆ ಬೇಗ ತಗಲುತ್ತದೆ.

ಇನ್ನು ಈ ಪ್ರದೇಶಕ್ಕೆ ವಿಶೇಷವಾದ ಒಂದು ಎಚ್ಚರಿಕೆ. ಲೋಚಿನ ಹುರುಪೆ ಅತಿ ಸಣ್ಣದು, ಮೈ ಹೆಚ್ಚು ಕಡಿಮೆ ಬರಿದು. ತಾಮ್ರವನ್ನು ಅದು ಸಹಿಸುವುದಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1 ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತೆಂದರೆ ತಾಮ್ರ. ಮೆದು ಮತ್ತು ಹುಳಿ ನೀರಿನಲ್ಲಿ ತಾಮ್ರದ ವಿಷ ಇನ್ನಷ್ಟು ತೀಕ್ಷ್ಣ. ಆದುದರಿಂದ ಮೈಲುತುತ್ತು ಕರಗಿಸಿದ ಬಾಲ್ದಿ, ಡ್ರಮ್ಮು, ರಬ್ಬರ್ ಕೊಳವೆಗಳನ್ನು ಮೀನಿನ ಕೆಲಸಕ್ಕೆ ಎಂದೂ ಬಳಸಬಾರದು. ಮದ್ದು ಬಿಟ್ಟ ದಿನಗಳಲ್ಲಿ ತೋಟದ ತೋಡಿನಿಂದ ಅಥವಾ ತೆರೆದ ಕೆರೆಯಿಂದ ತೊಟ್ಟಿಗೆ ನೀರು ತುಂಬಬಾರದು. ಅಂಗಡಿಯ ಮೀನಿನ ಔಷಧಿಗಳಲ್ಲೂ ಕೆಲವಕ್ಕೆ ತಾಮ್ರ ಸೇರಿರುತ್ತದೆ. ಚೀಟಿ ಓದಿ ಕೊಳ್ಳಬೇಕು. ತೊಟ್ಟಿಯ ಲೋಚಿಗೆ ಆಗದ್ದು ತೋಡಿನ ಲೋಚಿಗೂ ಆಗದು. ಡ್ರಮ್ಮು ತೊಳೆದ ನೀರನ್ನು ತೋಡಿಗೆ ಚೆಲ್ಲದೆ, ನೀರಿನಿಂದ ದೂರದ ಒಣ ನೆಲದಲ್ಲಿ ಗುಂಡಿ ತೆಗೆದು ಇಂಗಿಸಬೇಕು. ಹೊಳೆಗೆ ಸೇರಿದ ವಿಷ ಏನು ಮಾಡಬಲ್ಲದೆಂಬುದನ್ನು ಬೆಳ್ತಂಗಡಿ ತಾಲೂಕಿನ ಶಿಶಿಲದವರು ಬಲ್ಲರು. ಅಲ್ಲಿಯ ಶಿಶಿಲೇಶ್ವರ ದೇವಸ್ಥಾನದ ಬಳಿ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳಿಗೆ ಭಕ್ತರು ಅಕ್ಕಿ ಹಾಕುತ್ತಾರೆ. 1996 ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷವಿಕ್ಕಿದಾಗ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ಕೊನೆಯ ಮಾತು, ಬೇಡವಾದ ಮೀನಿನ ಕುರಿತು. ತೊಟ್ಟಿ ಶುಚಿ ಮಾಡುತ್ತದೆಂದು ಕೊಟ್ಟ ದಕ್ಷಿಣ ಅಮೆರಿಕದ ಸಕರ್ ಮೀನು ಒಂದಡಿಗಿಂತ ಉದ್ದವಾದಾಗ ಅದನ್ನು ನೇತ್ರಾವತಿಗೋ, ಫಲ್ಗುಣಿಗೋ, ಮೂಡುಬಿದಿರೆಯ ಕೆರೆಗೋ ಬಿಡುವುದು ದಯೆಯಲ್ಲ. ಈ ಮೀನು ದೇಶದ ಹಲವು ಕಡೆ ಕೆರೆ ಹೊಳೆಗಳಲ್ಲಿ ನೆಲೆಯೂರಿ ದಂಡೆಯಲ್ಲಿ ಬಿಲ ಕೊರೆಯುತ್ತಿದೆ, ಊರಿನ ಮೀನಿನ ಆಹಾರಕ್ಕೆ ಪಾಲುಗಾರನಾಗಿದೆ. ಬೇಡವಾದುದನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಬೇಕು. ತೋಟಕ್ಕೆ ಕಳೆಯ ಬೀಜವನ್ನು ತಿಳಿದೂ ತಿಳಿದೂ ಯಾರೂ ಬಿತ್ತುವುದಿಲ್ಲ; ಹೊಳೆಗೂ ಬಿತ್ತಬಾರದು.

ಸಂದೇಹಗಳಿದ್ದಲ್ಲಿ 1969 ರಲ್ಲಿ ಮಂಗಳೂರಿನಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಮಹಾವಿದ್ಯಾಲಯದ ತಜ್ಞರನ್ನು ಕೇಳಬಹುದು. ನೀರು ಒಂದೇ ಇರಲಿ, ಮಹಡಿ ಬೇರೆ ಇರಲಿ, ಸ್ವಭಾವ ಹೊಂದಲಿ. ಈ ಮೂರನ್ನು ನೋಡಿ ಮೀನು ತಂದ ಮನೆಯಲ್ಲಿ ಹೊಳೆಗೆ ಬಿಡಬೇಕಾದ ಮೀನು ಉಳಿಯುವುದೇ ಇಲ್ಲ.