ಮನೆಗೊಂದು ಸೋಫಾ, ಅದಕ್ಕೊಂದು ಲೆಕ್ಕ

(ಶಾಲೆಯ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ದಿನ ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರಿಗೆ ನಗು ಬಂದೀತು. ವಿದ್ಯೆ, ವಿನಯ, ಶಿಸ್ತು ಮೊದಲಾದವುಗಳನ್ನು ಬಿಟ್ಟು ಮುಖ್ಯೋಪಾಧ್ಯಾಯನು ಸೋಫಾವನ್ನು ಕುರಿತು ಮಾತನಾಡುವುದೆ ಎಂದು ಕೇಳಬಹುದು. ಆದರೆ ಪರೀಕ್ಷೆಯಲ್ಲಿ ಬಡ್ಡಿಯ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿ ಪೂರ್ಣ ಅಂಕ ಪಡೆಯುವ ಬಾಲಕನು, ತನ್ನ ಮನೆಗೇ ಬಂದ ಕಂತಿನ ಕಾಗದವನ್ನು ಓದಿ ಅರ್ಥಮಾಡಿಕೊಳ್ಳಲಾರದೆ ಹೋದರೆ, ನಾವು ಕಲಿಸಿದ ಗಣಿತಕ್ಕೆ ಬೆಲೆಯೇನು? ಆದುದರಿಂದ ಈ ವಿಷಯವು ಶಾಲೆಗೆ ಹೊರಗಿನದಲ್ಲ.

ಮೊದಲು ಒಂದು ಮಾತು. ಸೋಫಾ ಬೇಡವೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆ ಪದದ ಮೂಲ ಅರಬ್ಬೀ ಭಾಷೆಯಲ್ಲಿದೆ. ಕುಳಿತುಕೊಳ್ಳಲು ಎತ್ತರಿಸಿ ಕಟ್ಟಿದ ಸ್ಥಳವೆಂದು ಅದರ ಅರ್ಥ. ಎಂದರೆ ಅದು ನಮ್ಮ ಜಗಲಿಗೇ ದೂರದ ಬಂಧು! ಮೊಣಕಾಲು ನೋವಿನ ಅಜ್ಜಿಗೆ ಚಾಪೆಯಿಂದ ಏಳುವುದು ಕಷ್ಟವಾದರೆ ಸೋಫಾ ಆಡಂಬರವಲ್ಲ, ಅವಶ್ಯಕತೆ. ನೆರೆಮನೆಗೆ ಬಂದಿತೆಂಬ ಒಂದೇ ಕಾರಣಕ್ಕೆ ನಮ್ಮ ಮನೆಗೂ ಬರಬೇಕೆಂದರೆ ಅದು ಬೇರೆ ಮಾತು. ಕೊಳ್ಳಬೇಕೆ ಬೇಡವೆ ಎಂಬುದನ್ನು ಮನೆಯವರೆಲ್ಲ ಕುಳಿತು ತೀರ್ಮಾನಿಸಲಿ. ಕೊಳ್ಳುವುದೆಂದು ನಿಶ್ಚಯವಾದ ಮೇಲೆ ಹಣವನ್ನು ಯಾವ ಬಗೆಯಲ್ಲಿ ಸಲ್ಲಿಸಬೇಕು ಎಂಬುದೇ ನನ್ನ ಇಂದಿನ ವಿಷಯ.

ಲೆಕ್ಕಕ್ಕೋಸ್ಕರ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಂಗಡಿಯಲ್ಲಿ ಸೋಫಾದ ಮೇಲೆ ರೂ. 36,000 ಎಂದು ಬರೆದಿದೆ. ಕೈಯಲ್ಲಿ ಹಣ ಹಿಡಿದು ಚೌಕಾಶಿ ಮಾಡಿದವನಿಗೆ ಅದು ರೂ. 33,000ಕ್ಕೆ ದೊರೆಯುತ್ತದೆ. ಹಣವಿಲ್ಲದವನಿಗೆ, ‘ಬಡ್ಡಿಯೇ ಇಲ್ಲ, ತಿಂಗಳಿಗೆ ರೂ. 3,000ದಂತೆ 12 ಕಂತು ಕೊಟ್ಟರೆ ಸಾಕು’ ಎನ್ನುತ್ತಾರೆ. ವಿದ್ಯಾರ್ಥಿಗಳೇ, ಇಲ್ಲಿ ಬಡ್ಡಿ ಎಲ್ಲಿದೆ, ಹುಡುಕಿರಿ. ನಗದು ಕೊಡುವವನಿಗೆ ಬಿಟ್ಟುಕೊಟ್ಟು ಕಂತಿನವನಿಗೆ ಬಿಟ್ಟುಕೊಡದ ಆ ರೂ. 3,000ವೇ ಬಡ್ಡಿ. ಅದರ ಜೊತೆಗೆ ಕೆಲವೆಡೆ ಸಂಸ್ಕರಣ ಶುಲ್ಕವೆಂದು ಒಂದು ಮೊತ್ತವನ್ನೂ, ಆ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ.ಯನ್ನೂ ಸೇರಿಸುತ್ತಾರೆ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಶೂನ್ಯ ಬಡ್ಡಿ ಎಂಬ ವಸ್ತುವೇ ಇಲ್ಲವೆಂದೂ, ಬಡ್ಡಿಯ ಅಂಶವನ್ನು ಶುಲ್ಕದ ವೇಷದಲ್ಲಿ ಗಿರಾಕಿಯಿಂದಲೇ ಪಡೆಯಲಾಗುತ್ತದೆಂದೂ ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು.

ಎರಡನೆಯ ಬಗೆ, ‘ನೂರಕ್ಕೆ ಕೇವಲ 12’ ಎಂಬ ಸಾಲ. ರೂ. 33,000ಕ್ಕೆ ಒಂದು ವರ್ಷದ ಬಡ್ಡಿ ರೂ. 3,960, ಒಟ್ಟು ರೂ. 36,960, ತಿಂಗಳಿಗೆ ರೂ. 3,080. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ವರ್ಷವಿಡೀ ರೂ. 33,000 ನಿಮ್ಮಲ್ಲಿ ಉಳಿದಿರುತ್ತದೆಯೆ? ಇಲ್ಲ. ತಿಂಗಳು ತಿಂಗಳೂ ಅಸಲು ಇಳಿಯುತ್ತ ಹೋಗಿ, ಕೊನೆಯ ತಿಂಗಳಿನಲ್ಲಿ ಸುಮಾರು ರೂ. 3,000 ಮಾತ್ರ ಬಾಕಿ ಇರುತ್ತದೆ. ತೀರಿಸಿದ ಹಣಕ್ಕೂ ಬಡ್ಡಿ ತೆರುವುದು ಈ ಕ್ರಮದ ಗುಟ್ಟು. ಇಳಿಯುವ ಅಸಲಿನ ಮೇಲೆ ಎಣಿಸಿದರೆ ಇದರ ನಿಜವಾದ ದರ ನೂರಕ್ಕೆ ಸುಮಾರು 21½ ಆಗುತ್ತದೆ. ಅಸಲಿನೊಡನೆ ಬಡ್ಡಿಯೂ ಇಳಿಯುವ ನ್ಯಾಯವಾದ ಕ್ರಮದಲ್ಲಿ, ಅದೇ ನೂರಕ್ಕೆ 12ಕ್ಕೆ, ಒಟ್ಟು ಬಡ್ಡಿ ಸುಮಾರು ರೂ. 2,180 ಮಾತ್ರ. ಆದಕಾರಣ ‘ಬಡ್ಡಿ ಎಷ್ಟು?’ ಎಂದು ಕೇಳಿ ಸುಮ್ಮನಾಗಬಾರದು, ‘ಯಾವುದರ ಮೇಲೆ?’ ಎಂದೂ ಕೇಳಬೇಕು.

ಮೂರನೆಯದು ನಮ್ಮ ನಾಡಿಗೆ ಚಿರಪರಿಚಿತವಾದ ಚೀಟಿ. ನಮ್ಮ ಕಾಸರಗೋಡಿನಲ್ಲಿ ಇದನ್ನು ಕುರಿ ಎಂದೂ ಕರೆಯುವುದುಂಟು. 12 ಜನ ತಿಂಗಳಿಗೆ ರೂ. 3,000 ಹಾಕಿದರೆ ರೂ. 36,000 ಕೂಡುತ್ತದೆ. ಅವಸರವಿರುವವನು ಕಡಿಮೆ ಮೊತ್ತಕ್ಕೆ ಒಪ್ಪಿ ಅದನ್ನು ಮೊದಲು ಎತ್ತುತ್ತಾನೆ. ಅವನು ಬಿಟ್ಟುಕೊಟ್ಟುದು ಸದಸ್ಯರಿಗೆ ಲಾಭಾಂಶವಾಗಿ ಹಂಚಿಹೋಗುತ್ತದೆ. ಆದುದರಿಂದ ಒಂದೇ ಚೀಟಿಯಲ್ಲಿ ಮೊದಲು ಎತ್ತಿದವನು ಸಾಲಗಾರ, ಕೊನೆಗೆ ಎತ್ತಿದವನು ಉಳಿತಾಯಗಾರ. ಇದಕ್ಕೆ 1982ರ ಕೇಂದ್ರ ಚೀಟಿ ನಿಧಿ ಕಾಯಿದೆಯ ಕಟ್ಟುಪಾಡುಗಳಿವೆ. 2019ರ ತಿದ್ದುಪಡಿಯ ಬಳಿಕ ಚೀಟಿ ನಡೆಸುವವರು ನೂರಕ್ಕೆ 7ರವರೆಗೆ ಕಮಿಷನ್ ಪಡೆಯಬಹುದು. ಕೇರಳ ಸರಕಾರವೇ 1969ರಲ್ಲಿ ಸ್ಥಾಪಿಸಿದ ಕೇರಳ ಸ್ಟೇಟ್ ಫೈನಾನ್ಶಿಯಲ್ ಎಂಟರ್‌ಪ್ರೈಸಸ್ ಸಂಸ್ಥೆಯೂ ಚೀಟಿಗಳನ್ನು ನಡೆಸುತ್ತದೆ. ನೋಂದಣಿಯಿಲ್ಲದ ಚೀಟಿಗೆ, ಪರಿಚಯದವರೆಂಬ ದಾಕ್ಷಿಣ್ಯಕ್ಕೆ ಒಳಗಾಗಿ ಹಣ ಹಾಕಬೇಡಿರಿ. ಚೀಟಿ ಮುರಿದ ದಿನ ಹಣವೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ.

ಕ್ರೆಡಿಟ್ ಕಾರ್ಡಿನ ವಿಚಾರವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ವಾಯಿದೆಯೊಳಗೆ ಪೂರ್ತಿ ಬಾಕಿಯನ್ನು ಸಲ್ಲಿಸುವವನಿಗೆ ಅದು ಅನುಕೂಲ. ‘ಕನಿಷ್ಠ ಮೊತ್ತ’ವನ್ನಷ್ಟೇ ಕಟ್ಟುತ್ತ ಹೋಗುವವನಿಗೆ ತಿಂಗಳಿಗೇ ನೂರಕ್ಕೆ 3ನ್ನು ಮೀರುವ ಬಡ್ಡಿ ಬೀಳುವುದುಂಟು, ಸೋಫಾದ ಬಟ್ಟೆ ಸವೆದರೂ ಆ ಸಾಲ ಸವೆಯದು.

ಇನ್ನು ನಾಲ್ಕನೆಯ ದಾರಿ. ಕಂತಿಗೆಂದು ಕೊಡಬೇಕಾಗಿದ್ದ ಅದೇ ರೂ. 3,000ವನ್ನು ತಿಂಗಳು ತಿಂಗಳೂ ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ಕೂಡಿಡಿರಿ. 11 ತಿಂಗಳಿಗೆ ರೂ. 33,000 ಆಯಿತು; ಸೋಫಾ ನಗದಿಗೆ ಬಂದಿತು. 12ನೆಯ ತಿಂಗಳಿನ ರೂ. 3,000 ನಿಮ್ಮ ಕೈಯಲ್ಲಿಯೇ ಉಳಿಯಿತು. ನಡುವೆ ಬೆಲೆ ಸ್ವಲ್ಪ ಏರಬಹುದು. ಓಣಂ, ದೀಪಾವಳಿಗಳ ಕಾಲದಲ್ಲಿ ಇಳಿಯಲೂಬಹುದು. ಆದರೆ ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ. ಆರನೆಯ ತಿಂಗಳಿನಲ್ಲಿ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಕೂಡಿಟ್ಟವನ ಬಳಿ ರೂ. 18,000 ಇರುತ್ತದೆ. ಕಂತಿನವನ ಬಳಿ ಸೋಫಾ ಇರುತ್ತದೆ, ಅದರೊಡನೆ ಇನ್ನೂ ಆರು ಕಂತು ಇರುತ್ತದೆ. ಸೋಫಾವನ್ನು ಆಸ್ಪತ್ರೆಗೆ ಕೊಂಡೊಯ್ಯಲಾದೀತೆ?

ನಮ್ಮ ಕಡೆಯವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಕಂತು ಬರುವುದು ತಿಂಗಳಿಗೊಮ್ಮೆ, ತಪ್ಪದೆ. ನಮ್ಮ ಆದಾಯವು ಹಾಗೆ ಬರುವುದಿಲ್ಲ. ಅಡಿಕೆಯ ಹಣ ಕೊಯ್ಲಿನ ಬಳಿಕ ಬರುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಬಿದ್ದರೆ ಅದೂ ಅರ್ಧವಾಗುತ್ತದೆ. ಬೀಡಿ ಕಟ್ಟುವ ತಾಯಂದಿರ ಸಂಪಾದನೆ ಎಲೆ, ಹೊಗೆಸೊಪ್ಪು ಸಿಕ್ಕಿದಷ್ಟು ದಿನ. ಜೂನ್ ತಿಂಗಳಿನಲ್ಲಿ ಪುಸ್ತಕ, ಕೊಡೆ, ಸಮವಸ್ತ್ರ. ಅದರ ಬೆನ್ನಿಗೇ ಆಟಿ ತಿಂಗಳು. ಆ ಕಷ್ಟದ ದಿನಗಳಲ್ಲಿ ಕಂತು ತಪ್ಪಿದರೆ ದಂಡ, ಮುಂದೆ ಮಕ್ಕಳ ವಿದ್ಯಾಭ್ಯಾಸಕ್ಕೋಸ್ಕರ ಬ್ಯಾಂಕಿನ ಸಾಲ ಕೇಳಲು ಹೋದಾಗ ಹೆಸರಿಗೆ ಕಪ್ಪುಚುಕ್ಕೆ. ಹೊಲಿಗೆಯಂತ್ರಕ್ಕೋ ನೀರಿನ ಪಂಪಿಗೋ ಮಾಡಿದ ಸಾಲವನ್ನು ಆ ವಸ್ತುವೇ ದುಡಿದು ತೀರಿಸಬಹುದು. ಸೋಫಾ ದುಡಿಯುವುದಿಲ್ಲ; ಅದರ ಸಾಲವನ್ನು ನಾವೇ ದುಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸೋಫಾಕ್ಕೂ ಸಲ್ಲುತ್ತದೆ.

ಆದರೂ ಅಜ್ಜಿಯ ಮೊಣಕಾಲು 11 ತಿಂಗಳು ಕಾಯಲಾರದು ಎಂಬಂತಹ ಸಂದರ್ಭವಿದ್ದರೆ, ಸಾಲ ಮಾಡುವುದೇ ತಪ್ಪೆಂದು ನಾನು ಹೇಳಲಾರೆ. ಆಗ ನಿಮಗಿರುವ ಒಂದು ಹಕ್ಕನ್ನು ತಿಳಿದಿರಬೇಕು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಸಾಲ ಕೊಡುವ ಫೈನಾನ್ಸ್ ಸಂಸ್ಥೆಗಳೂ ಇಂತಹ ಹೊಸ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಕಾಣಿಸಬೇಕು. ಅದರಲ್ಲಿ ಹೇಳದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ಮಾತ್ರ ಈ ನಿಯಮ ಅನ್ವಯಿಸದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಅವನಿಗೆ ವಿವರಿಸಬೇಕು.

ಗಡಿನಾಡಿನ ನಮಗೆ ಈ ಮಾತಿನ ಬೆಲೆ ಇತರರಿಗಿಂತ ಚೆನ್ನಾಗಿ ತಿಳಿದಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಮಾತ್ರ ಬಲ್ಲ ಹಿರಿಯರು ತಮಗೆ ಓದಲು ಬಾರದ ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದಾರೆ. ಇನ್ನು ಮುಂದೆ, ‘ಇದನ್ನು ಕನ್ನಡದಲ್ಲಿ ಕೊಡಿರಿ’ ಎಂದು ಸಂಕೋಚವಿಲ್ಲದೆ ಕೇಳಿರಿ. ಕನ್ನಡ ಶಾಲೆಯನ್ನು ಉಳಿಸುವುದೆಂದರೆ ರಾಜ್ಯೋತ್ಸವದಂದು ಹಾಡು ಹಾಡುವುದಷ್ಟೇ ಅಲ್ಲ. ಹಣದ ವ್ಯವಹಾರದಲ್ಲಿಯೂ ಕನ್ನಡವನ್ನು ಕೇಳಿ ಪಡೆಯುವುದು ಅದರ ಒಂದು ಭಾಗ.

ವಿದ್ಯಾರ್ಥಿಗಳೇ, ಕಡೆಯದಾಗಿ ನಿಮಗೊಂದು ಮನೆಗೆಲಸ. ನಿಮ್ಮ ಮನೆಗೆ ದೊಡ್ಡ ವಸ್ತುವೊಂದನ್ನು ಕೊಳ್ಳುವ ಮಾತು ಬಂದಾಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನಗದು ಕೊಟ್ಟರೆ ಎಷ್ಟು, ಕಂತು ಮತ್ತು ಶುಲ್ಕವೆಲ್ಲ ಸೇರಿ ಎಷ್ಟು, ಇವೆರಡರ ಅಂತರ ಎಷ್ಟು. ಆ ಹಾಳೆಯನ್ನು ತಂದೆತಾಯಿಗಳ ಮುಂದಿಡಿರಿ. ಪೋಷಕರೇ, ಮಗುವಿನ ಮಾತೆಂದು ಅದನ್ನು ತಳ್ಳಿಹಾಕದೆ ಓದಿರಿ. ಆಮೇಲೆ ನಿಮ್ಮ ತೀರ್ಮಾನ ಯಾವುದೇ ಆಗಲಿ, ಅದು ಕಣ್ಣು ತೆರೆದು ಮಾಡಿದ ತೀರ್ಮಾನವಾಗಿರುತ್ತದೆ.