ಗೋವಿನ ಜೋಳದ ಮೊದಲ ತಿಂಗಳು

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಆಳೆತ್ತರ ಬೆಳೆಯುವ ಗೋವಿನ ಜೋಳಕ್ಕೆ ಕಳೆ ಏನು ಮಾಡೀತು ಎಂದು ಹಿರಿಯರೊಬ್ಬರು ಈಗ ತಾನೆ ಕೇಳಿದರು. ಪೈರು ಎದೆಯುದ್ದ ಬಂದ ಮೇಲೆ ಅವರ ಮಾತು ನಿಜ. ನೆರಳಿಗೆ ಕಳೆ ತಾನಾಗಿ ಸೊರಗುತ್ತದೆ. ಆದರೆ ಮೊದಲ ತಿಂಗಳು ಪೈರಿನ ಬೆಳವಣಿಗೆ ನಿಧಾನ, ಸಾಲುಗಳ ನಡುವೆ ಎರಡಡಿ ಬಯಲು. ಅಲ್ಲಿ ಹುಟ್ಟಿದ ಕಳೆ ನಾವು ಕೊಟ್ಟ ಗೊಬ್ಬರವನ್ನೂ ನೆಲದ ಹಸಿಯನ್ನೂ ಮುಂಚೆ ಉಣ್ಣುತ್ತದೆ. ಬಿತ್ತಿದ 40–45 ದಿನಗಳೊಳಗೆ ಸೊರಗಿದ ಪೈರಿಗೆ ಆಮೇಲೆ ಎಷ್ಟು ಕಳೆ ಕಿತ್ತರೂ ತೆನೆ ಪೂರ್ತಿ ತುಂಬುವುದಿಲ್ಲ.

ದನಕ್ಕೆ ಮೇವಾಗಲೆಂದು ಹುಲ್ಲನ್ನು ಮೊಣಕಾಲುದ್ದ ಬಿಡುವವರು ಹಾವೇರಿ ಕಡೆಯ ನಮ್ಮ ಊರುಗಳಲ್ಲಿ ಹಲವರಿದ್ದಾರೆ. ಮೇವಿನ ಕಷ್ಟ ನಾನೂ ಬಲ್ಲೆ. ಆದರೂ ಆ ಹೊರೆ ಹುಲ್ಲು ಪುಕ್ಕಟೆಯದಲ್ಲ, ತೆನೆಯನ್ನೇ ಕೊಟ್ಟು ಕೊಂಡದ್ದು. ಮೇವಿಗೆ ಬದುವಿನ ಮೇಲೆ ಹುಲ್ಲು ಬೆಳೆಸಿರಿ.

ಬಿತ್ತಿದ 20ನೆಯ ದಿನದ ಸುಮಾರಿಗೆ ಹದ ನೋಡಿ ಎಡೆಕುಂಟೆ ಹೊಡೆಯಿರಿ, 30–35ನೆಯ ದಿನಕ್ಕೆ ಇನ್ನೊಮ್ಮೆ. ಕುಂಟೆಗೆ ಸಿಗದ ಬುಡದ ಕಳೆಯನ್ನು ಕೈಯಿಂದಲೇ ತೆಗೆಸಬೇಕು. ಯೂರಿಯಾ ಮೇಲುಗೊಬ್ಬರ ಅದರ ನಂತರವೇ. ಮೊದಲು ಹಾಕಿದರೆ ಕಳೆಗೇ ಬಡಿಸಿದಂತೆ.

ಮಳೆ ಹಿಡಿದು ಕುಂಟೆ ಇಳಿಯಲಿಕ್ಕಿಲ್ಲವೆಂದು ಹೆದರುವವರು ಬಿತ್ತಿದ ಎರಡು-ಮೂರು ದಿನಗಳೊಳಗೆ ಹಸಿ ನೆಲಕ್ಕೆ ಅಟ್ರಜಿನ್ ಸಿಂಪಡಿಸುವುದುಂಟು. ತೊಗರಿ, ಅವರೆಯ ಅಕ್ಕಡಿ ಸಾಲಿರುವ ಹೊಲಕ್ಕೆ ಅದು ಬೇಡ. ಆ ಸಸಿಗಳೂ ಕಳೆಯೊಡನೆ ಸಾಯುತ್ತವೆ.