ಮಾಗದ ಮೊಣಕಾಲು ನೋವು



ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣನಿಗೆ ಬಲ ಮೊಣಕಾಲು ನೋಯುತ್ತಿತ್ತು. 1976ರ ಕಾರು ಅಪಘಾತದ ಪೆಟ್ಟೇ ಕಾರಣವೆಂದು ಬಗೆದು ಕೆಲವು ತಿಂಗಳು ಸುಮ್ಮನಿದ್ದ. 1977ರ ಮಾರ್ಚಿಯಲ್ಲಿ ನೋವು ತಡೆಯದಾಗಿ ಆಸ್ಪತ್ರೆಗೆ ಹೋದಾಗ ತಿಳಿದದ್ದು ಮೂಳೆಯ ಕ್ಯಾನ್ಸರ್. 18ನೆಯ ವಯಸ್ಸಿಗೇ ಕಾಲು ಕತ್ತರಿಸಬೇಕಾಯಿತು. 1981ರಲ್ಲಿ ತೀರಿಕೊಂಡ.

ಈ ರೋಗ ಅಪರೂಪ. ಹೆಚ್ಚಾಗಿ ಬೆಳೆಯುವ ಮಕ್ಕಳಿಗೆ, ಮೊಣಕಾಲಿನ ಬಳಿ ಬರುತ್ತದೆ. ಬಿದ್ದ ಪೆಟ್ಟು ಕೆಲವು ವಾರಗಳಲ್ಲಿ ಮಾಗುತ್ತದೆ. ಈ ನೋವು ಮಾಗದು, ರಾತ್ರಿ ಹೆಚ್ಚುತ್ತದೆ, ಬಾವು ಕಾಣುತ್ತದೆ. ಅಂಥ ಕಾಲಿಗೆ ಎಣ್ಣೆ ತಿಕ್ಕಿಸಿ, ಕಟ್ಟು ಹಾಕಿಸಿ ದಿನ ಕಳೆಯಬೇಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿರಿ. ವೈದ್ಯರು ಸಂಶಯಪಟ್ಟರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ತಿಳಿದರೆ ಇಂದು ಔಷಧಿ, ಶಸ್ತ್ರಕ್ರಿಯೆಗಳಿಂದ ಅನೇಕರಿಗೆ ಪ್ರಾಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.